ಮನೆಯ ಮಾತು, ಮಗುವಿನ ಮತಿ



ಪವಿತ್ರ ಕುರ್‌ಆನಿನ ಸೂರಃ ಅರ್-ರಹ್ಮಾನ್‌ನ ಆರಂಭದ ಆಯತ್‌ಗಳನ್ನು ನೀವೆಲ್ಲರೂ ಅನೇಕ ಸಲ ಕೇಳಿದ್ದೀರಿ. ಅಲ್ಲಿ ಮನುಷ್ಯನ ಸೃಷ್ಟಿಯ ಪ್ರಸ್ತಾಪ ಬಂದ ಬೆನ್ನಲ್ಲೇ ಅವನಿಗೆ ಮಾತನ್ನು ಕಲಿಸಿದ ಪ್ರಸ್ತಾಪ ಬರುತ್ತದೆ. ಅಲ್ಲಾಹನ ಅನುಗ್ರಹಗಳ ಎಣಿಕೆಯಲ್ಲಿ ಮಾತಿಗೆ ಇಷ್ಟು ಮುಂದಿನ ಸ್ಥಾನ ಏಕೆ ಸಿಕ್ಕಿದೆ ಎಂದು ನಾವು ನಿಂತು ಯೋಚಿಸುವುದು ಕಡಿಮೆ.

ನಮ್ಮ ಸಭೆಗಳಲ್ಲಿ, ಮದುವೆ ಮನೆಗಳಲ್ಲಿ, ಜುಮಾ ನಮಾಜಿನ ನಂತರ ಮಸೀದಿಯ ಅಂಗಳದಲ್ಲಿ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆಯಿದೆ. ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಬೇಕು? ಉರ್ದುವಿಗೋ, ಕನ್ನಡಕ್ಕೋ, ಇಂಗ್ಲಿಷಿಗೋ? ಇದು ಮುಖ್ಯವಾದ ಪ್ರಶ್ನೆಯೇ. ಆದರೆ ಇದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಮಗುವಿನ ಬುದ್ಧಿ ಬೆಳೆಯುವುದು ಹೇಗೆ? ಅದು ತಲೆಯೊಳಗೆ ತಾನಾಗಿ ಬೆಳೆಯುತ್ತದೆಯೇ, ಅಥವಾ ಸುತ್ತಲಿನ ಜನರ ಒಡನಾಟದಿಂದ ಬೆಳೆಯುತ್ತದೆಯೇ? ಈ ಪ್ರಶ್ನೆಗೆ ಇತಿಹಾಸ ಕೊಟ್ಟಿರುವ ಉತ್ತರಗಳನ್ನು ನಿಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೂಗರ ಮಹಲು

ಮೊಗಲ್ ಬಾದಶಹ ಅಕ್ಬರನಿಗೆ ಒಂದು ಕುತೂಹಲ ಹುಟ್ಟಿತು. ಯಾರ ಮಾತೂ ಕಿವಿಗೆ ಬೀಳದಂತೆ ಮಗುವನ್ನು ಬೆಳೆಸಿದರೆ ಅದು ತಾನಾಗಿ ಯಾವ ಭಾಷೆ ಆಡುತ್ತದೆ? 1580ರ ಆಸುಪಾಸಿನಲ್ಲಿ ಹಸುಗೂಸುಗಳನ್ನು ಜನವಸತಿಯಿಂದ ದೂರದ ಕಟ್ಟಡವೊಂದರಲ್ಲಿ ಇರಿಸಲಾಯಿತು. ನೋಡಿಕೊಳ್ಳಲು ದಾಯಿಯರಿದ್ದರು, ಹಾಲು ಬಟ್ಟೆಗಳಿಗೆ ಕೊರತೆ ಇರಲಿಲ್ಲ. ಆದರೆ ಯಾರೂ ಬಾಯಿ ಬಿಡಬಾರದೆಂದು ಕಟ್ಟಪ್ಪಣೆಯಿತ್ತು. ಜನರು ಆ ಕಟ್ಟಡವನ್ನು ‘ಗುಂಗ್ ಮಹಲ್’ ಎಂದು ಕರೆದರು, ಅಂದರೆ ಮೂಗರ ಮಹಲು. ಕೆಲವು ವರ್ಷಗಳ ನಂತರ ನೋಡಿದಾಗ ಆ ಮಕ್ಕಳ ಬಾಯಿಂದ ಯಾವ ಭಾಷೆಯ ಒಂದು ಶಬ್ದವೂ ಹೊರಡಲಿಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಮತ್ತು ಬದಾಯೂನಿ ಇಬ್ಬರೂ ಈ ಸಂಗತಿಯನ್ನು ದಾಖಲಿಸಿದ್ದಾರೆ. ಸುಮಾರು ಇಪ್ಪತ್ತು ಕೂಸುಗಳಿದ್ದವೆಂದೂ ಅವುಗಳಲ್ಲಿ ಕೆಲವು ತೀರಿಕೊಂಡವೆಂದೂ ಬದಾಯೂನಿ ಹೇಳುತ್ತಾನೆ.

ಇಂದು ಯಾವ ಕಾನೂನೂ ಒಪ್ಪದ ಕ್ರೂರ ಪರೀಕ್ಷೆಯಿದು. ಆದರೂ ಅದರಿಂದ ಹೊರಬಂದ ಸತ್ಯವನ್ನು ನಾವು ಮರೆಯಬಾರದು. ಆ ಮಕ್ಕಳಿಗೆ ಕಿವಿಯಿತ್ತು, ನಾಲಿಗೆಯಿತ್ತು, ಹೊಟ್ಟೆಗೆ ಅನ್ನವಿತ್ತು. ಇಲ್ಲದ್ದು ಮಾತನಾಡಿಸುವವರು ಮಾತ್ರ.

ಇಬ್ನ್ ಖಲ್ದೂನ್ ಹೇಳಿದ್ದೇನು?

ಅಕ್ಬರನಿಗಿಂತ ಎರಡು ಶತಮಾನ ಮೊದಲೇ ಈ ಸತ್ಯವನ್ನು ಯಾವ ಮಗುವನ್ನೂ ಕೂಡಿಹಾಕದೆ ಕಂಡುಕೊಂಡ ಮಹಾನುಭಾವರೊಬ್ಬರಿದ್ದರು. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿ, ಕೈರೋದಲ್ಲಿ 1406ರಲ್ಲಿ ತೀರಿಕೊಂಡ ಇತಿಹಾಸಕಾರ ಇಬ್ನ್ ಖಲ್ದೂನ್ ಅವರು 1377ರಲ್ಲಿ ‘ಮುಕದ್ದಿಮಾ’ ಗ್ರಂಥವನ್ನು ಬರೆದು ಮುಗಿಸಿದರು. ಸಮಾಜಶಾಸ್ತ್ರದ ಮೊದಲ ಗ್ರಂಥಗಳಲ್ಲಿ ಒಂದೆಂದು ಜಗತ್ತು ಅದನ್ನು ಗೌರವಿಸುತ್ತದೆ. ಅದರ ಕೊನೆಯ ಭಾಗ ಪೂರ್ತಿ ವಿದ್ಯೆ ಮತ್ತು ಕಲಿಕೆಯ ಬಗ್ಗೆ ಇದೆ.

ಭಾಷೆ ರಕ್ತದಿಂದ ಬರುವುದಲ್ಲ, ಬಡಗಿಗೆ ಉಳಿ ಹಿಡಿಯುವ ಕೈಹದ ಬರುವಂತೆ ರೂಢಿಯಿಂದ ಬರುವ ಸಾಮರ್ಥ್ಯ ಎಂಬುದು ಅವರ ವಾದ. ಮಗು ತನ್ನ ಜನ ಆಡುವುದನ್ನು ಕೇಳುತ್ತದೆ, ಮತ್ತೆ ಮತ್ತೆ ಕೇಳುತ್ತದೆ, ಆಡಿ ನೋಡುತ್ತದೆ, ಕಡೆಗೆ ಅದು ಅದರ ಸ್ವಭಾವವೇ ಆಗಿಬಿಡುತ್ತದೆ. ಅರಬರ ಹಳೆಯ ಪದ್ಧತಿಯೂ ಇದೇ ತಿಳಿವಳಿಕೆಯಿಂದ ಬಂದದ್ದು. ನಮ್ಮ ಪ್ರವಾದಿಯವರನ್ನು (ಸ.ಅ.) ಶಿಶುವಾಗಿದ್ದಾಗ ಮರುಭೂಮಿಯ ಬನೂ ಸಅದ್ ಕಬೀಲೆಯ ಹಲೀಮಾ ಅವರ ಮಡಿಲಿಗೆ ಒಪ್ಪಿಸಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿನ ಶುದ್ಧ ಗಾಳಿಯ ಜೊತೆಗೆ ಅಲ್ಲಿನ ನಿರರ್ಗಳ ಅರಬಿ ಮಾತೂ ಈ ಪದ್ಧತಿಗೆ ಕಾರಣವೆಂದು ಸೀರತ್ ಬರೆದವರು ಹೇಳುತ್ತಾರೆ.

ಇಬ್ನ್ ಖಲ್ದೂನ್ ಅವರ ಇನ್ನೊಂದು ಮಾತು ಅಧ್ಯಾಪಕರಾದ ನಮಗೆ ನೇರವಾಗಿ ತಟ್ಟುವಂಥದ್ದು. ತಮ್ಮ ಕಾಲದ ಮಗ್ರಿಬ್ ಪ್ರಾಂತದ ವಿದ್ಯಾರ್ಥಿಗಳನ್ನು ಕಂಡು ಅವರು ಮರುಗಿದ್ದಾರೆ. ವರ್ಷಗಟ್ಟಲೆ ಪಾಠದಲ್ಲಿ ಕುಳಿತರೂ ಆ ಹುಡುಗರು ಬಾಯಿ ಬಿಡುವುದಿಲ್ಲ, ಚರ್ಚೆ ಮಾಡುವುದಿಲ್ಲ, ಬಾಯಿಪಾಠವೊಂದನ್ನೇ ನಂಬಿಕೊಂಡಿರುತ್ತಾರೆ, ಆದ್ದರಿಂದ ಕಲಿತ ವಿದ್ಯೆಯನ್ನು ಬಳಸುವ ಶಕ್ತಿ ಅವರಿಗೆ ಬರುವುದಿಲ್ಲ ಎನ್ನುತ್ತಾರೆ. ವಿದ್ಯೆ ಕೈವಶವಾಗುವ ಸುಲಭದ ದಾರಿಯೆಂದರೆ ಆ ವಿಷಯವನ್ನು ಬಾಯ್ತುಂಬ ಮಾತನಾಡಿ ವಾದಿಸುವುದು ಎಂಬುದು ಅವರ ಸಲಹೆ. ಮಕ್ಕಳನ್ನು ಗದರಿಸಿ ಹೊಡೆದು ಕಲಿಸಿದರೆ ಅವರ ಚೈತನ್ಯ ಕುಗ್ಗಿ ಸುಳ್ಳು, ಸೋಗು ಬೆಳೆಯುತ್ತವೆ ಎಂದೂ ಎಚ್ಚರಿಸಿದ್ದಾರೆ. ಆರು ನೂರು ವರ್ಷಗಳ ಹಿಂದಿನ ಈ ಮಾತನ್ನು ಇಂದಿನ ನಮ್ಮ ತರಗತಿಗಳ ಮುಂದೆ ಹಿಡಿದು ನೋಡಿ.

ಬೀಸುವ ಕಲ್ಲಿನ ಪಾಠಶಾಲೆ

ಈಗ ನಮ್ಮ ನಾಡಿಗೆ ಬರೋಣ. ಹಜರತ್ ಖ್ವಾಜಾ ಬಂದೇ ನವಾಜ್ (ರ.ಅ.) ಅವರು 1422ರಲ್ಲಿ ಗುಲ್ಬರ್ಗದಲ್ಲಿ ವಫಾತ್ ಆದರು. ಅವರ ಕಾಲದ ನಂತರ ಬಿಜಾಪುರವು ಆದಿಲ್‌ಶಾಹಿಗಳ ರಾಜಧಾನಿಯಾಯಿತು, ಸೂಫಿಗಳ ಕೇಂದ್ರವೂ ಆಯಿತು. ದೊಡ್ಡ ಪಂಡಿತರು ಫಾರಸಿ, ಅರಬಿಗಳಲ್ಲಿ ಗ್ರಂಥ ಬರೆಯುತ್ತಿದ್ದರು. ಆದರೆ ಓದು ಬರಹ ಬಾರದ ಹಳ್ಳಿಯ ಹೆಂಗಸರಿಗೆ ದೀನಿನ ಮಾತು ಮುಟ್ಟಿಸುವುದು ಹೇಗೆ? ಅದಕ್ಕಾಗಿ ಬಿಜಾಪುರದ ಸೂಫಿ ಪರಂಪರೆಯಲ್ಲಿ, ಹೆಚ್ಚಾಗಿ 17ನೇ ಶತಮಾನದಲ್ಲಿ, ದಖ್ಖನಿ ಭಾಷೆಯ ಚಿಕ್ಕ ಚಿಕ್ಕ ಹಾಡುಗಳು ಹುಟ್ಟಿದವು. ಬೀಸುವಾಗ ಹಾಡಲು ಚಕ್ಕಿನಾಮಾ, ನೂಲುವಾಗ ಹಾಡಲು ಚರಖಾನಾಮಾ, ಮಗುವನ್ನು ಮಲಗಿಸುವಾಗ ಹಾಡಲು ಲೋರಿನಾಮಾ. ಬೀಸುವ ಕಲ್ಲಿನ ಗೂಟವನ್ನು ಅರಬಿಯ ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನ ನಾಮವನ್ನು ನೆನಪಿಸುವುದು ಇವುಗಳ ಒಂದು ರೀತಿ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ಈ ಹಾಡುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಅವರು ಹೇಳುವ ಒಂದು ಅಂಶ ಗಮನಾರ್ಹ. ಈ ಹಾಡುಗಳು ಹೆಂಗಸರ ಬಾಯಿಂದ ಮನೆಯ ಮಕ್ಕಳ ಕಿವಿಗೆ ಬಿದ್ದು ಪೀಳಿಗೆಯಿಂದ ಪೀಳಿಗೆಗೆ ದಾಟಿದವು.

ನಮ್ಮ ಸೊಕ್ಕೆಯ ಕಡೆಯ ಹಿರಿಯರಿಗೆ ಕನ್ನಡದ ಬೀಸುವ ಪದಗಳೂ ಹೊಸವಲ್ಲ. ಒಂದೇ ಕೇರಿಯಲ್ಲಿ ಒಂದು ಮನೆಯ ರಾಗಿಕಲ್ಲಿನಿಂದ ಕನ್ನಡ ಪದ, ಮುಂದಿನ ಮನೆಯಿಂದ ದಖ್ಖನಿ ಪದ. ಎರಡೂ ಕಡೆ ತಾಯಿಯ ತೊಡೆಗೆ ಒರಗಿದ ಮಗು ಲಯ ಕಲಿಯಿತು, ಹೋಲಿಕೆ ಕಲಿಯಿತು, ‘ಇದು ಅದರಂತೆ’ ಎಂದು ಯೋಚಿಸುವುದನ್ನು ಕಲಿಯಿತು. ಸ್ಲೇಟು ಬಳಪಗಳಿಲ್ಲದ ಶಾಲೆ ಅದು. ಮಿಲ್ಲುಗಳು ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದಕ್ಕೆ ಕೊರಗಬೇಕಾಗಿಲ್ಲ, ನಮ್ಮ ತಾಯಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಆದರೆ ಕಲ್ಲಿನ ಜೊತೆಗೆ ಹೋದ ಆ ಮಾತುಕತೆಯ ಹೊತ್ತಿಗೆ ಬದಲಾಗಿ ನಾವು ಏನನ್ನು ತಂದೆವು ಎಂಬುದು ಯೋಚಿಸಬೇಕಾದ ವಿಷಯ.

ಒಂದು ವಾಕ್ಯದೊಳಗೆ ಎರಡು ಭಾಷೆ

ನಾವು ಮನೆಯಲ್ಲಿ ಆಡುವ ದಖ್ಖನಿ ‘ಕೆಟ್ಟ ಉರ್ದು’ ಎಂದು ನಮ್ಮಲ್ಲೇ ಅನೇಕರು ನಾಚಿಕೊಳ್ಳುತ್ತಾರೆ. ಇದು ಸರಿಯಲ್ಲ. ಒಂದು ಸಣ್ಣ ಉದಾಹರಣೆ ನೋಡಿ. ‘ನಾಳೆ ಬರ್ತೀನಿ ಅಂತ ಹೇಳಿದ’ ಎನ್ನುತ್ತದೆ ಕನ್ನಡ. ‘ಕಲ್ ಆತೌಂ ಬೋಲ್ಕೆ ಬೋಲ್ಯಾ’ ಎನ್ನುತ್ತದೆ ನಮ್ಮ ಮನೆಮಾತು. ಪುಸ್ತಕದ ಉರ್ದು ಮಾತ್ರ ‘ಉಸ್‌ನೇ ಕಹಾ ಕಿ ಮೈಂ ಕಲ್ ಆವೂಂಗಾ’ ಎಂದು ‘ಹೇಳಿದ’ ಎಂಬುದನ್ನು ಮೊದಲೇ ತರುತ್ತದೆ. ಕನ್ನಡದ ‘ಅಂತ’ ಕುಳಿತ ಜಾಗದಲ್ಲೇ ದಖ್ಖನಿಯ ‘ಬೋಲ್ಕೆ’ ಕುಳಿತಿದೆ. ಪದಗಳು ಉರ್ದುವಿನವು, ಜೋಡಣೆ ಈ ನೆಲದ್ದು. ಯಾವ ಪಂಡಿತರೂ ಕುಳಿತು ಇದನ್ನು ಮಾಡಲಿಲ್ಲ. ನೂರಾರು ವರ್ಷ ಸಂತೆಯಲ್ಲಿ, ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಅಕ್ಕಪಕ್ಕದವರು ಮಾತನಾಡಿಕೊಂಡದ್ದರ ಫಲವಿದು.

ಕರ್ನಾಟಕದ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟವಾಗಿ ಕಂಡುಬಂತು. ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಈ ಊರಿನ ಬಗ್ಗೆ 1971ರಲ್ಲಿ ಬರೆದ ಪ್ರಬಂಧ ಜಗತ್ತಿನಾದ್ಯಂತ ಹೆಸರಾಗಿದೆ. ಆಗ ಅದು ಸುಮಾರು ಮೂರು ಸಾವಿರ ಜನರ ಹಳ್ಳಿ. ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರು ಮತ್ತಿತರರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಒಂದಾಗಿತ್ತೆಂದರೆ, ಒಂದು ಭಾಷೆಯ ವಾಕ್ಯದ ಪದಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧವಾಗುತ್ತಿತ್ತು. ಹಾಗಿದ್ದೂ ಯಾರೂ ತಮ್ಮ ಮನೆಮಾತನ್ನು ಬಿಡಲಿಲ್ಲ. ಹೊರಗೆ ಎಲ್ಲರೊಡನೆ ಮಾತು, ಒಳಗೆ ತಮ್ಮ ಮಾತು. ನೆರೆಯವರೊಡನೆ ಬೆರೆಯಲು ಮನೆಯ ಭಾಷೆಯನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ವೈಗೋಟ್ಸ್ಕಿ ಎಂಬ ಉಪಾಧ್ಯಾಯ

ಒಡನಾಟ ಭಾಷೆಯನ್ನು ರೂಪಿಸುತ್ತದೆ ಎಂಬುದನ್ನು ಇದುವರೆಗೆ ನೋಡಿದೆವು. ಅದು ಮಗುವಿನ ಬುದ್ಧಿಯನ್ನೂ ರೂಪಿಸುತ್ತದೆಯೇ? ಬಿ.ಎಡ್. ಓದಿದವರಿಗೆ ಇಲ್ಲಿ ಎರಡು ಹೆಸರುಗಳು ನೆನಪಾಗುತ್ತವೆ. ಒಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಇನ್ನೊಂದು ರಷ್ಯಾದ ಲೆವ್ ವೈಗೋಟ್ಸ್ಕಿ. ಇಬ್ಬರೂ ಹುಟ್ಟಿದ್ದು 1896ರಲ್ಲಿ. ಪಿಯಾಜೆ 1980ರವರೆಗೆ ಬಾಳಿದರು. ಶಾಲಾ ಉಪಾಧ್ಯಾಯರಾಗಿ ವೃತ್ತಿ ಆರಂಭಿಸಿದ್ದ ವೈಗೋಟ್ಸ್ಕಿ 37ನೇ ವಯಸ್ಸಿನಲ್ಲಿ, 1934ರಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಆಲೋಚನೆ ಮತ್ತು ಮಾತಿನ ಸಂಬಂಧ ಕುರಿತ ಅವರ ಮುಖ್ಯ ಗ್ರಂಥ ಹೊರಬಂದದ್ದು ಅದೇ ವರ್ಷ. 1936ರಲ್ಲಿ ಸೋವಿಯತ್ ಆಡಳಿತದ ಆದೇಶದಿಂದ ಅವರ ಬರಹಗಳು ಮೂಲೆಗುಂಪಾದವು. ಇಂಗ್ಲಿಷಿಗೆ ಅದು ಬಂದದ್ದು 1962ರಲ್ಲಿ.

ಆಟವಾಡುತ್ತ ಮಗು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವುದನ್ನು ನೀವು ನೋಡಿದ್ದೀರಿ. ‘ಇದನ್ನು ಇಲ್ಲಿಡಬೇಕು, ಅಯ್ಯೋ ಬಿತ್ತು, ದೊಡ್ಡದು ಕೆಳಗೆ ಬೇಕು’ ಎಂದು ಅದು ಗೊಣಗುತ್ತಿರುತ್ತದೆ. ಮಗು ಇನ್ನೂ ತನ್ನ ದೃಷ್ಟಿಯಿಂದಾಚೆ ನೋಡಲಾರದ್ದರಿಂದ ಹೀಗೆ ಆಡುತ್ತದೆ, ಬೆಳೆದಂತೆ ಅದು ನಿಂತುಹೋಗುತ್ತದೆ ಎಂದು ಪಿಯಾಜೆ ಮೊದಲು ತಿಳಿದಿದ್ದರು. ವೈಗೋಟ್ಸ್ಕಿ ಒಪ್ಪಲಿಲ್ಲ. ಆ ಮಾತು ನಿಲ್ಲುವುದಿಲ್ಲ, ಒಳಗೆ ಇಳಿಯುತ್ತದೆ ಎಂದರು. ಮೊದಲು ತಾಯಿ ಮಗುವಿಗೆ ಹೇಳುತ್ತಾಳೆ, ಆಮೇಲೆ ಮಗು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ, ಕಡೆಗೆ ಅದೇ ಮಾತು ಮೌನವಾಗಿ ಆಲೋಚನೆಯಾಗುತ್ತದೆ. ಮಗುವಿನ ಪ್ರತಿಯೊಂದು ಉನ್ನತ ಮಾನಸಿಕ ಶಕ್ತಿಯೂ ಮೊದಲು ಇಬ್ಬರ ನಡುವೆ ಕಾಣಿಸಿಕೊಂಡು, ನಂತರ ಒಬ್ಬನ ಒಳಗೆ ನೆಲೆಸುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು.

ಇದನ್ನು ನಮ್ಮ ಊರಿನಲ್ಲೇ ನೋಡಬಹುದು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅಪ್ಪ ಮಗನನ್ನು ಕರೆದು, ಚೀಲ ಎಣಿಸು ಎನ್ನುತ್ತಾನೆ. ಮಗ ಒಂದೊಂದಾಗಿ ಎಣಿಸಿ ನಡುವೆ ತಪ್ಪುತ್ತಾನೆ. ‘ಒಂದು ಸಾಲಿಗೆ ಎಷ್ಟು ನೋಡು, ಸಾಲು ಎಷ್ಟಿವೆ ನೋಡು’ ಎಂದು ಅಪ್ಪ ಸುಳಿವು ಕೊಡುತ್ತಾನೆ. ಹುಡುಗನಿಗೆ ಥಟ್ಟನೆ ಹೊಳೆಯುತ್ತದೆ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಈ ಅಂತರವನ್ನೇ ವೈಗೋಟ್ಸ್ಕಿ ‘ಸಮೀಪದ ವಿಕಾಸ ವಲಯ’ ಎಂದು ಕರೆದರು. ಪಾಠ ನಡೆಯಬೇಕಾದದ್ದು ಆ ಅಂತರದಲ್ಲಿ. ನಂತರ 1976ರಲ್ಲಿ ಜೆರೋಮ್ ಬ್ರೂನರ್ ಮತ್ತು ಅವರ ಸಂಗಡಿಗರು ಇಂಥ ನೆರವನ್ನು ಕಟ್ಟಡ ಕಟ್ಟುವಾಗಿನ ಆಸರೆಗೆ ಹೋಲಿಸಿದರು. ಆರ್‌ಸಿಸಿ ಮನೆಯ ಸೆಂಟ್ರಿಂಗ್ ನೆನಪಿಸಿಕೊಳ್ಳಿ. ಮೊದಲೇ ಬಿಚ್ಚಿದರೆ ಚಾವಣಿ ಕುಸಿಯುತ್ತದೆ, ಗಟ್ಟಿಯಾದ ಮೇಲೂ ಬಿಚ್ಚದಿದ್ದರೆ ಮನೆಯಲ್ಲಿ ವಾಸಮಾಡಲು ಆಗುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸುಳಿವು ಕೊಟ್ಟ ಆ ಅಪ್ಪ ಓದಿದವನೇ ಆಗಿರಬೇಕೆಂದಿಲ್ಲ. ಅವನು ಮಗನಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ಮಾತನಾಡಿದ್ದೇ ಸಾಕಾಯಿತು.

ಉಜ್ಬೇಕಿಸ್ತಾನದ ರೈತರು, ಲೈಬೀರಿಯಾದ ವಾಯಿ ಜನ

ವೈಗೋಟ್ಸ್ಕಿಯವರ ಸಂಗಡಿಗ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರ ಬೇಸಿಗೆಯಲ್ಲಿ ಮುಸ್ಲಿಮರೇ ಹೆಚ್ಚಾಗಿರುವ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋದರು. ವೈಗೋಟ್ಸ್ಕಿ ಅನಾರೋಗ್ಯದಿಂದ ಹೋಗಲಾಗಲಿಲ್ಲ. ಓದು ಬಾರದ ರೈತರಿಗೆ ಲೂರಿಯಾ ಇಂಥ ಪ್ರಶ್ನೆ ಕೇಳುತ್ತಿದ್ದರು. ಹಿಮವಿರುವ ಉತ್ತರ ದೇಶದಲ್ಲಿ ಕರಡಿಗಳೆಲ್ಲ ಬಿಳಿ, ಇಂಥ ಊರು ಉತ್ತರದಲ್ಲಿದೆ, ಅಲ್ಲಿನ ಕರಡಿ ಯಾವ ಬಣ್ಣ? ತಾವು ಆ ಊರು ಕಂಡಿಲ್ಲ, ಕಾಣದ್ದನ್ನು ಹೇಗೆ ಹೇಳುವುದು ಎಂದು ಅನೇಕ ರೈತರು ಉತ್ತರಿಸಿದರು. ಸ್ವಲ್ಪ ಕಾಲ ಶಾಲೆ ಕಲಿತವರು ಮಾತ್ರ ಬಿಳಿ ಎಂದು ಸುಲಭವಾಗಿ ಹೇಳಿದರು. ಓದು ಬರಹ ಯೋಚನೆಯ ರೀತಿಯನ್ನೇ ಬದಲಿಸುತ್ತದೆ ಎಂದು ಲೂರಿಯಾ ತೀರ್ಮಾನಿಸಿದರು. ಈ ಅಧ್ಯಯನ ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ.

ಹಾಗಾದರೆ ಆ ರೈತರು ದಡ್ಡರೇ? ಖಂಡಿತ ಅಲ್ಲ. ಕಾಣದ ವಿಷಯಕ್ಕೆ ಸಾಕ್ಷಿ ಹೇಳಬಾರದೆಂಬುದು ಮಾನವಂತರ ನಡತೆ. ಅಪರಿಚಿತನೊಬ್ಬ ಬಂದು, ಉತ್ತರ ತನಗೆ ಗೊತ್ತಿದ್ದೂ ಪ್ರಶ್ನೆ ಕೇಳುವ ಆಟ ಶಾಲೆಯಲ್ಲಿ ಮಾತ್ರ ನಡೆಯುವುದು. ಆ ಆಟದ ಅಭ್ಯಾಸ ಅವರಿಗಿರಲಿಲ್ಲ ಅಷ್ಟೆ.

ಈ ಅನುಮಾನವನ್ನು ಪರಿಹರಿಸಿದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ನಡೆದ ಅಧ್ಯಯನ. ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಅದನ್ನು 1981ರಲ್ಲಿ ಪ್ರಕಟಿಸಿದರು. ಅಲ್ಲಿನ ವಾಯಿ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಅವರಲ್ಲಿ ಮೂರು ಬಗೆಯ ಓದು ಬರಹವಿತ್ತು. ತಮ್ಮದೇ ವಾಯಿ ಲಿಪಿಯನ್ನು ಸ್ನೇಹಿತರು, ಬಂಧುಗಳಿಂದ ಕಲಿಯುತ್ತಿದ್ದರು, ಅರಬಿಯನ್ನು ಕುರ್‌ಆನ್ ಶಾಲೆಯಲ್ಲಿ, ಇಂಗ್ಲಿಷನ್ನು ಸರ್ಕಾರಿ ಶಾಲೆಯಲ್ಲಿ. ಅಕ್ಷರ ಬಂದ ಮಾತ್ರಕ್ಕೆ ಎಲ್ಲ ವಿಷಯದಲ್ಲೂ ಬುದ್ಧಿ ಚುರುಕಾಗುವುದಿಲ್ಲ ಎಂಬುದು ಸಂಶೋಧಕರಿಗೆ ಕಂಡಿತು. ಯಾವ ಅಭ್ಯಾಸ ಮಾಡುತ್ತಾರೋ ಅದಕ್ಕೆ ತಕ್ಕ ಶಕ್ತಿ ಬೆಳೆದಿತ್ತು. ಕುರ್‌ಆನ್ ಕಲಿತವರು ಪದಗಳನ್ನು ಒಂದಕ್ಕೊಂದು ಸೇರಿಸುತ್ತ ಕ್ರಮವಾಗಿ ನೆನಪಿಡುವುದರಲ್ಲಿ ಮುಂದಿದ್ದರು. ವಾಯಿ ಲಿಪಿಯಲ್ಲಿ ಪತ್ರ ಬರೆಯುವವರು ಎದುರಿಗಿಲ್ಲದವನಿಗೆ ವಿಷಯ ತಿಳಿಸುವುದರಲ್ಲಿ ಮುಂದಿದ್ದರು. ಶಾಲೆ ಕಲಿತವರು ತಮ್ಮ ಉತ್ತರಕ್ಕೆ ಕಾರಣ ವಿವರಿಸುವುದರಲ್ಲಿ ಮುಂದಿದ್ದರು.

ನಮ್ಮ ಮಕ್ಕಳೂ ಬೆಳಿಗ್ಗೆ ಮಕ್ತಬ್‌ಗೆ, ಹಗಲು ಶಾಲೆಗೆ, ಸಂಜೆ ಬೀದಿಗೆ ಹೋಗುವವರು. ಮಕ್ತಬ್‌ನಲ್ಲಿ ಬೆಳೆದ ಜ್ಞಾಪಕಶಕ್ತಿ ಅಮೂಲ್ಯವಾದ ಆಸ್ತಿ. ಆದರೆ ಕಾರಣ ಹೇಳುವ, ಪ್ರಶ್ನೆ ಕೇಳುವ ಶಕ್ತಿ ಬಾಯಿಪಾಠದಿಂದ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಇಬ್ನ್ ಖಲ್ದೂನ್ ಹೇಳಿದ್ದೂ ಇದನ್ನೇ ಅಲ್ಲವೇ?

ಎರಡು ಭಾಷೆ ಹೊರೆಯೇ?

ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾದರೆ ಮಗುವಿನ ತಲೆ ಗೊಂದಲವಾಗುವುದಿಲ್ಲವೇ ಎಂದು ಪಾಲಕರು ಕೇಳುತ್ತಾರೆ. ಒಂದು ಕಾಲಕ್ಕೆ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. 1923ರಲ್ಲಿ ವೇಲ್ಸ್ ದೇಶದ ಒಂದು ಅಧ್ಯಯನವು ಹಳ್ಳಿಯ ದ್ವಿಭಾಷಿ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದಿದ್ದಾರೆಂದು ಹೇಳಿತು. ಅಂದಿನ ಪರೀಕ್ಷೆಗಳು ಮನೆಯ ಬಡತನ, ಹಿನ್ನೆಲೆಗಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಸಮಾನ ಆರ್ಥಿಕ ಮಟ್ಟದ ಮಕ್ಕಳನ್ನು ಹೋಲಿಸಿದಾಗ ದ್ವಿಭಾಷಿ ಮಕ್ಕಳೇ ಮುಂದಿದ್ದರು.

ಅದು ಶ್ರೀಮಂತ ದೇಶದ ಮಾತು ಎನ್ನಬಹುದು. ನಮ್ಮ ದೇಶದ ಉದಾಹರಣೆಯೂ ಇದೆ. ಒಡಿಶಾದ ಕೊಂಧ ಬುಡಕಟ್ಟಿನಲ್ಲಿ ಕೆಲವು ಕಡೆ ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಾರೆ, ಕೆಲವು ಕಡೆ ಕುಯಿ ಬಿಟ್ಟುಹೋಗಿ ಒಡಿಯಾ ಮಾತ್ರ ಉಳಿದಿದೆ. ಪ್ರೊಫೆಸರ್ ಅಜಿತ್ ಮೊಹಂತಿ ಈ ಎರಡು ಗುಂಪಿನ ಮಕ್ಕಳನ್ನು ಹೋಲಿಸಿ, ಎರಡು ಭಾಷೆಯ ಮಕ್ಕಳು ಬೌದ್ಧಿಕ ಪರೀಕ್ಷೆಗಳಲ್ಲೂ ಭಾಷೆಯ ಬಗ್ಗೆ ಯೋಚಿಸುವ ಶಕ್ತಿಯಲ್ಲೂ ಮುಂದಿರುವುದನ್ನು ಕಂಡರು. ಅವರ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮ ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ. ಎರಡು ಭಾಷೆ ಹೊರೆಯಲ್ಲ. ಒಂದನ್ನು ಕಿತ್ತು ಆ ಜಾಗದಲ್ಲಿ ಇನ್ನೊಂದನ್ನು ನೆಡುವುದು ಹೊರೆ.

ಕರ್ನಾಟಕದ ಹಾದಿ

ಭಾರತದ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಒದಗಿಸಬೇಕೆನ್ನುತ್ತದೆ. ನಮ್ಮ ರಾಜ್ಯದಲ್ಲಿ 1981ರ ಗೋಕಾಕ್ ವರದಿ, 1982ರ ಚಳವಳಿ ಕನ್ನಡದ ಸ್ಥಾನವನ್ನು ಗಟ್ಟಿಗೊಳಿಸಲು ನಡೆದವು. 1994ರ ಏಪ್ರಿಲ್‌ನಲ್ಲಿ ಸರ್ಕಾರವು 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಆದೇಶಿಸಿತು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪಾಲಕರದ್ದು ಎಂದವು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಕಡ್ಡಾಯಗೊಳಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದಲ್ಲೆಲ್ಲ 5ನೇ ತರಗತಿವರೆಗಾದರೂ ಮನೆಮಾತಿನಲ್ಲಿ ಕಲಿಸುವುದು ಲೇಸೆಂದಿತು.

ಹೀಗೆ ಕಡೆಗೆ ನಿರ್ಧಾರ ಬಂದು ನಿಂತದ್ದು ಪಾಲಕರ ಅಂಗಳದಲ್ಲಿ. ಕೋರ್ಟು ಆಯ್ಕೆಯ ಹಕ್ಕನ್ನು ಕೊಟ್ಟಿದೆ. ಆಯ್ಕೆ ಮಾಡುವ ತಿಳಿವಳಿಕೆಯನ್ನು ನಾವೇ ಸಂಪಾದಿಸಬೇಕು.

ನಾವೇನು ಮಾಡಬೇಕು?

ನಮ್ಮ ತೊಂದರೆಗಳನ್ನು ಮುಚ್ಚಿಡುವುದು ಬೇಡ. ಉರ್ದು ಮಾಧ್ಯಮದಲ್ಲಿ ಓದಿ ಕನ್ನಡ ಬಲವಾಗದ ಹುಡುಗಿ ಹೈಸ್ಕೂಲು, ಪಿಯುಸಿಗೆ ಬಂದಾಗ ತರಗತಿಯಲ್ಲಿ ಮೂಕಳಾಗುತ್ತಾಳೆ. ಎಷ್ಟೋ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಕಡೆ, ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮನೆಯಲ್ಲಿ, ಇಂಗ್ಲಿಷ್ ಬಾರದ ತಾಯಿ ತನ್ನ ಮಾತಿನಿಂದ ಮಗು ಕೆಡುತ್ತದೆಂದು ಹೆದರಿ ಮಾತೇ ಕಡಿಮೆ ಮಾಡಿ ಕೈಗೆ ಮೊಬೈಲ್ ಕೊಡುತ್ತಾಳೆ. ಮೊಬೈಲು ಮಾತನಾಡುತ್ತದೆ, ಆದರೆ ಮಗು ಕೇಳಿದ ಪ್ರಶ್ನೆಗೆ ತಡೆದು ನಿಂತು ಉತ್ತರಿಸುವುದಿಲ್ಲ. ಹೀಗೆ ನಮಗೆ ಅರಿವಿಲ್ಲದಂತೆಯೇ ಮನೆ ಮನೆಯಲ್ಲೂ ಒಂದೊಂದು ಸಣ್ಣ ಗುಂಗ್ ಮಹಲ್ ಕಟ್ಟುತ್ತಿದ್ದೇವೆ. ಇಂಗ್ಲಿಷ್ ಬೇಕೆನ್ನುವ ಪಾಲಕರ ಆಸೆ ತಪ್ಪಲ್ಲ, ಉದ್ಯೋಗದ ಬಾಗಿಲು ಅಲ್ಲಿದೆ. ಆದರೆ ಯಾವ ಮಾಧ್ಯಮಕ್ಕೆ ಸೇರಿಸಿದರೂ ಮನೆಯ ಮಾತು ನಿಲ್ಲಬಾರದು.

ಮೊದಲನೆಯದಾಗಿ ತಾಯಂದಿರಿಗೆ ಒಂದು ಮಾತು. ನಿಮಗೆ ಓದು ಬಾರದಿದ್ದರೂ ನೀವು ಮಗುವಿನ ಮೊದಲ ಅಧ್ಯಾಪಕಿ. ಬೇಳೆ ಆರಿಸುವಾಗ, ರೊಟ್ಟಿ ತಟ್ಟುವಾಗ ನಿಮ್ಮ ಮಾತಿನಲ್ಲೇ ಮಗುವನ್ನು ಮಾತನಾಡಿಸಿ. ‘ಕ್ಯೂಂ’, ‘ಯಾಕೆ’ ಎಂದು ಅದು ಕೇಳಿದಾಗ ಗದರಿಸಬೇಡಿ. ದಾದಿ, ನಾನಿಯರ ಕತೆಗಳಿಗೆ ರಾತ್ರಿ ಹತ್ತು ನಿಮಿಷವಾದರೂ ಬಿಡುವು ಮಾಡಿ, ಕತೆಯ ನಡುವೆ ಮುಂದೇನಾಯಿತು ಹೇಳು ಎಂದು ಮಗುವನ್ನೇ ಕೇಳಿ.

ಎರಡನೆಯದಾಗಿ, ಕನ್ನಡವನ್ನು ಪುಸ್ತಕದಿಂದ ಮಾತ್ರ ಕಲಿಸಲಾಗುವುದಿಲ್ಲ, ಗೆಳೆತನದಿಂದ ಕಲಿಸಬೇಕು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇಂದು ಅಂಗನವಾಡಿ ಊರೂರಿನಲ್ಲಿದೆ. ಮೂರು ವರ್ಷದ ನಮ್ಮ ಮಗು ನೆರೆಮನೆಯ ಮಗುವಿನ ಜೊತೆ ಕುಳಿತು ಕನ್ನಡ ಕೇಳುವ ಮೊದಲ ಜಾಗ ಅದು. ಪುಷ್ಟಿಯ ಪೊಟ್ಟಣ ತರಲು ಮಾತ್ರ ಅಲ್ಲಿಗೆ ಹೋಗುವುದು ಸಾಲದು, ಮಗುವನ್ನು ತಪ್ಪದೆ ಕಳಿಸಿ. ಕ್ರಿಕೆಟ್ಟು, ಗ್ರಂಥಾಲಯ, ಊರಹಬ್ಬದ ಬಯಲು, ಎಲ್ಲೆಲ್ಲಿ ಮಕ್ಕಳು ಬೆರೆಯುತ್ತಾರೋ ಅಲ್ಲೆಲ್ಲ ಭಾಷೆಯೂ ಬುದ್ಧಿಯೂ ಬೆಳೆಯುತ್ತವೆ.

ಮೂರನೆಯದಾಗಿ, ನನ್ನ ಸಹೋದ್ಯೋಗಿ ಅಧ್ಯಾಪಕರಿಗೆ. ಒಂದನೇ ತರಗತಿಯ ಮಗು ‘ನಕ್ಕೊ’ ಎಂದರೆ ನಗಬೇಡಿ. ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ, ಕನ್ನಡದಲ್ಲಿ ‘ಬೇಡ’ ಎಂದು ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಆ ಹೋಲಿಕೆಯೇ ಒಂದು ಪಾಠ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಬಲ್ಲವನು ಬಾರದವನಿಗೆ ವಿವರಿಸಲಿ. ತರಗತಿಯಲ್ಲಿ ಗದ್ದಲವಾದರೆ ಗಾಬರಿಯಾಗಬೇಡಿ. ಮಕ್ತಬ್‌ನ ಉಸ್ತಾದರು ಕಂಠಪಾಠದ ನಂತರ ಐದು ನಿಮಿಷ ಅರ್ಥದ ಬಗ್ಗೆ ಮಕ್ಕಳಿಂದ ಮಾತನಾಡಿಸಿದರೆ ಜ್ಞಾಪಕದ ಜೊತೆ ತಿಳಿವಳಿಕೆಯೂ ಕೂಡುತ್ತದೆ.

ಕೊನೆಯದಾಗಿ ನಮ್ಮ ಸಂಘದ ಸದಸ್ಯರಲ್ಲಿ ಒಂದು ಮನವಿ. ನಾವು ಪ್ರತಿವರ್ಷ ನೋಟ್‌ಬುಕ್ಕು ಹಂಚುತ್ತೇವೆ, ಪ್ರತಿಭಾವಂತರಿಗೆ ಶಾಲು ಹೊದಿಸುತ್ತೇವೆ. ಇವು ಒಳ್ಳೆಯ ಕೆಲಸಗಳೇ. ಇದರ ಜೊತೆಗೆ ತಾಯಂದಿರ ಸಭೆಯನ್ನೂ, 7ನೇ ತರಗತಿ ಮುಗಿಸುವ ಉರ್ದು ಮಾಧ್ಯಮದ ಮಕ್ಕಳಿಗೆ ಬೇಸಿಗೆಯಲ್ಲಿ ಕನ್ನಡ ಮಾತುಕತೆಯ ಶಿಬಿರವನ್ನೂ ಏರ್ಪಡಿಸಿದರೆ ಖರ್ಚು ಕಡಿಮೆ, ಫಲ ಹೆಚ್ಚು. ವಿದ್ಯಾರ್ಥಿಗಳೇ, ನೀವೂ ಸುಮ್ಮನಿರಬೇಡಿ. ಮನೆಯಲ್ಲಿ ತಮ್ಮ ತಂಗಿಯರಿಗೆ ಲೆಕ್ಕ ಹೇಳಿಕೊಡಿ. ಹೇಳಿಕೊಡುವವನ ಬುದ್ಧಿಯೂ ಅದರಿಂದ ಹರಿತವಾಗುತ್ತದೆ.

ಅಲ್ಲಾಹನು ಮನುಷ್ಯನಿಗೆ ಮಾತು ಕೊಟ್ಟದ್ದು ಅದನ್ನು ಇನ್ನೊಬ್ಬರಿಗೆ ದಾಟಿಸಲಿ ಎಂದು. ಬಿಜಾಪುರದ ಓದು ಬಾರದ ತಾಯಂದಿರು ಬೀಸುತ್ತಲೇ ಅದನ್ನು ದಾಟಿಸಿದರು. ಮಿಕ್ಸರ್, ಮಿಲ್ಲುಗಳಿಂದ ನಮಗೆ ಉಳಿದ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ಮಕ್ಕಳ ಮಾತಿಗೆ ಕಿವಿಗೊಡಲು ಬಳಸುವ ತೌಫೀಕ್‌ಅನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.